ಹತ್ತಿಯಣ್ಣ ಪಾಸಾದ ದಿನ

ಎಲ್ಲಕ್ಕೂ ಕಾರಣ ಬಾಗಿಲ ಮೇಲಿನ ಒಂದು ಹಳದಿ ಸೊನ್ನೆ. ಬೆಳಿಗ್ಗೆ ಬೀಗ ತೆಗೆಯಲು ಬಂದ ಹತ್ತಿಯಣ್ಣ ಅದನ್ನು ಕಂಡು, ಮಕ್ಕಳ ಚೇಷ್ಟೆ ಇರಬೇಕೆಂದು ಒದ್ದೆ ಬಟ್ಟೆ ತಂದು ಉಜ್ಜತೊಡಗಿದ. ಅಂಥ ಚೇಷ್ಟೆ ಮಾಡುವಷ್ಟು ಮಕ್ಕಳು ಊರಿನಲ್ಲಿ ಉಳಿದಿಲ್ಲ ಎನ್ನುವುದು ಪಾಪ ಆಮೇಲೆ ಹೊಳೆಯಿತು.

"ಅಳಿಸ್ಬೇಡಿ! ಖಾಲಿ ಮಾಡಿಸೋ ಕೋಣೆಗೆ ನಾವೇ ಹಾಕಿರೋ ಗುರುತು ಅದು" ಎಂದರು ಹಿಂದಿನಿಂದ ಬಂದ ಮೇಡಂ.

ನೂಲಿನ ಗಿರಣಿ ಮುಚ್ಚಿದ ಮೇಲೆ ಊರು ಸೊರಗಿಹೋಗಿತ್ತು. ಅದನ್ನು ಮತ್ತೆ ಎತ್ತಿ ನಿಲ್ಲಿಸುತ್ತೇವೆಂದು ಮೇಲಿನವರು ಗಿರಣಿಯ ಕಟ್ಟಡಕ್ಕೆ ಬಣ್ಣ ಬಳಿಸಿ, ಹೊಸ ಉದ್ಯಮಗಳಿಗೆ ಕಾವು ಕೊಟ್ಟು ಬೆಳೆಸುವ ಕೇಂದ್ರವೊಂದನ್ನು ತೆರೆದಿದ್ದರು. ಮೇಡಂ ಅದರ ಮ್ಯಾನೇಜರು. ಚಕ್ರದ ಕುರ್ಚಿಗಳು ಬಂದವು, ಗಾಜಿನ ಗೋಡೆಗಳು ಬಂದವು, ಉದ್ಯಮಿಗಳು ಮಾತ್ರ ಬರಲಿಲ್ಲ. ಅಲ್ಲಿದ್ದವರು ಹಳೇ ಬಾಡಿಗೆದಾರರಿಬ್ಬರೇ. ಒಬ್ಬ, ಹಳೆಯ ಹಾಸಿಗೆಯ ಹತ್ತಿ ಹಿಂಜಿ ಹೊಸದಾಗಿ ಹೊಲಿದುಕೊಡುವ ನಮ್ಮ ಹತ್ತಿಯಣ್ಣ. ಇನ್ನೊಬ್ಬ ಪಕ್ಕದ ಕೋಣೆಯ ಕ್ಷೌರಿಕ.

"ಸಾಯಂಕಾಲ ಸಮಿತಿ ಸಾಹೇಬ್ರು ಬರ್ತಾರೆ. ನಿಮ್ದೂ ಒಂದು ಉದ್ಯಮ ಅಂತ ಅವರಿಗೆ ಮನವರಿಕೆ ಮಾಡ್ಕೊಡಿ. ಇಲ್ಲಾಂದ್ರೆ ನಾನೇನೂ ಮಾಡೋಕಾಗಲ್ಲ" ಎಂದು ಮೇಡಂ ಹೊರಟುಹೋದರು.

ಹತ್ತಿಯಣ್ಣ ಕೈಯಲ್ಲಿದ್ದ ಒದ್ದೆ ಬಟ್ಟೆಯನ್ನು ಹಿಂಡುತ್ತ ನಿಂತ. ಅವನ ಹತ್ತಿ ಹಿಂಜುವ ಯಂತ್ರ ಓಡುವಷ್ಟು ಕರೆಂಟು ಇಡೀ ಊರಿನಲ್ಲಿ ಇದ್ದದ್ದು ಈ ಕಟ್ಟಡದಲ್ಲಿ ಮಾತ್ರ. ಹೇಗೋ ಮನೆಗೇ ಲೈನ್ ಎಳೆಸೋಣವೆಂದರೆ ಹೆಂಡತಿಗೆ ಉಬ್ಬಸ, ಹತ್ತಿಯ ಧೂಳು ಸೋಕಿದರೆ ರಾತ್ರಿಯಿಡೀ ಕೂತೇ ಕಳೆಯಬೇಕು. ಕೋಣೆ ಹೋದರೆ ಕಸುಬೂ ಹೋದಂತೆ. ಈ ವಯಸ್ಸಿನಲ್ಲಿ ಇನ್ನೊಂದು ಕಸುಬು ಕಲಿಸುವವರು ಯಾರು?

"ಹೆದರ್ಕೋಬೇಡ ಹತ್ತಿಯಣ್ಣ, ನಾನಿಲ್ವಾ?" ಎನ್ನುತ್ತ ಕ್ಷೌರಿಕ ಬಂದ. ಅವನ ಬಾಗಿಲಿಗೂ ಸೊನ್ನೆ ಬಿದ್ದಿತ್ತು. ಆದರೂ ಊರವರ ಉಸಾಬರಿ ಮುಗಿಸದೆ ತನ್ನದಕ್ಕೆ ಕೈಹಾಕುವ ಜಾಯಮಾನ ಅವನದಲ್ಲ. "ಮೊದಲು ಒಂದು ತಿಳ್ಕೋ. ಹಾಸಿಗೆ ಹೊಲೀತೀನಿ ಅಂತ ಬಾಯ್ತಪ್ಪಿಯೂ ಹೇಳ್ಬಾರ್ದು."

"ಹೊಲಿಯೋದು ಹಾಸಿಗೆ ತಾನೇ ಮಾರಾಯ?"

"ನಿದ್ರಾ ಕ್ಷೇತ್ರದಲ್ಲಿ ಸೇವೆ ಮಾಡ್ತಿದೀನಿ ಅನ್ನು."

"ಗಿರಾಕಿಗಳೆಲ್ಲಿ ಅಂತ ಕೇಳಿದ್ರೆ?"

"ಕ್ಯೂ ನಿಲ್ಲಿಸ್ತೀನಿ ನೋಡ್ತಿರು!"

ಹತ್ತಿಯಣ್ಣನಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಊರಿನಲ್ಲಿ ಮದುವೆಗಳಿಲ್ಲ, ಬಾಣಂತನಗಳಿಲ್ಲ, ಹಾಸಿಗೆ ಯಾರಿಗೆ ಬೇಕು? ಊರು ಬಿಟ್ಟವರು ಇದ್ದ ಹಾಸಿಗೆಯನ್ನೂ ಬಿಟ್ಟೇ ಹೋಗಿದ್ದರು.

ಸಾಯಂಕಾಲವಾಗುತ್ತಲೇ ಕ್ಷೌರಿಕ ನಿಜಕ್ಕೂ ಜನ ಕರೆತಂದ. ಎಲ್ಲರೂ ಗಿರಣಿಯ ಹಳೇ ಕೆಲಸಗಾರರು. ಅಂಗಳಕ್ಕೆ ಕಾಲಿಟ್ಟವರೇ, ಯಾರೂ ಹೇಳದಿದ್ದರೂ, ಹಿಂದೆ ಪಾಳಿಗೆ ನಿಲ್ಲುತ್ತಿದ್ದ ಸಾಲಿನಲ್ಲೇ ನಿಂತರು. ತೀರಿಕೊಂಡವರ ಜಾಗ ಹಾಗೇ ಬಿಟ್ಟಿದ್ದರು.

"ಮಧ್ಯೆ ಮಧ್ಯೆ ಜಾಗ ಬಿಡ್ಬೇಡ್ರಪ್ಪಾ, ಒತ್ಕೊಂಡು ನಿಂತ್ಕೊಳ್ಳಿ!" ಎಂದು ಕ್ಷೌರಿಕ ಒಬ್ಬನನ್ನು ಮುಂದಕ್ಕೆ ದೂಡಿದ.

"ಅದು ನಮ್ಮಣ್ಣನ ಜಾಗ. ಅಲ್ಲಿ ನಿಂತ್ರೆ ಕಾಲು ಮುರೀತೀನಿ!" ಎಂದು ಇನ್ನೊಬ್ಬ ಎರಗಿದ. ಕೊರಳಪಟ್ಟಿಗೆ ಕೈ ಬಿತ್ತು, ಗುಂಡಿ ಹಾರಿತು. ಸಾಹೇಬರ ಕಾರು ಬರುವುದಕ್ಕೂ ಜಗಳ ರಂಗೇರುವುದಕ್ಕೂ ಸರಿಹೋಯಿತು.

"ಹಾಸಿಗೆಗೋಸ್ಕರ ಹೊಡೆದಾಟವೇ!" ಸಾಹೇಬರು ಕಣ್ಣರಳಿಸಿದರು.

ಒಳಗೆ ಹತ್ತಿಯಣ್ಣನಿಗೆ ಹೇಳಿಕೊಟ್ಟ ಮಾತು ಮರೆತೇಹೋಗಿತ್ತು. "ನಿದ್ರಾ... ನಿದ್ರಾ..." ಎಂದ, ಮುಂದಿನದು ಬರಲಿಲ್ಲ. ದಾರಿಯಲ್ಲಿ ದಣಿದಿದ್ದ ಸಾಹೇಬರು ಅದನ್ನು ಆಹ್ವಾನವೆಂದೇ ತಿಳಿದು ಹಾಸಿಗೆಯ ಮೇಲೆ ಕೂತರು, ಒರಗಿದರು, ಗೊರಕೆ ಹೊಡೆದರು. ಮೇಡಂ ತುದಿಗಾಲಿನಲ್ಲಿ ಕಾದರು. ಹತ್ತಿಯಣ್ಣ ಮನಸ್ಸಿನಲ್ಲೇ ಗಂಟುಮೂಟೆ ಕಟ್ಟತೊಡಗಿದ.

ಕೊನೆಗೆ ಸಾಹೇಬರು ಎದ್ದು ಮೈಮುರಿದರು. "ಆಹಾ! ಇಂಥ ನಿದ್ದೆ ಮಾಡಿ ಎಷ್ಟು ಕಾಲವಾಗಿತ್ತು!"

"ಹೊರಗಿನ ಊರಿಂದೆಲ್ಲ ಆರ್ಡರ್ ಬರುತ್ತೆ ಸಾಹೇಬ್ರೇ, ಇವರಿಗೆ ಪುರುಸೊತ್ತೇ ಇಲ್ಲ" ಎಂದು ಕ್ಷೌರಿಕ ಇನ್ನೊಂದು ಬುರುಡೆ ಬಿಟ್ಟ.

ಆದರೆ ಸಾಹೇಬರು ಅವನ ಕೋಣೆಗೇ ಕಾಲಿಟ್ಟಾಗ, ಬೆಳಗಿನಿಂದ ಸುಳ್ಳು ಖರ್ಚು ಮಾಡಿದ್ದ ಕ್ಷೌರಿಕನ ಬಳಿ ತನಗೆಂದು ಒಂದೂ ಉಳಿದಿರಲಿಲ್ಲ. "ಒಂದು ನರಪಿಳ್ಳೆಯೂ ಬರಲ್ಲ ಸಾಹೇಬ್ರೇ. ದಿನವೆಲ್ಲ ಕನ್ನಡಿಯಲ್ಲಿ ನನ್ನ ಮುಖ ನಾನೇ ನೋಡ್ಕೊಂಡು ಕೂತಿರ್ತೀನಿ" ಎಂದು ಗೊಳೋ ಎಂದು ಅತ್ತುಬಿಟ್ಟ. ನನ್ನನ್ನು ದಡ ಹತ್ತಿಸಿ ತಾನು ಮುಳುಗಿದನಲ್ಲ ಎಂದು ಹತ್ತಿಯಣ್ಣನಿಗೆ ಸಂಕಟವಾಯಿತು.

ಸಾಹೇಬರು ಅಂಗಳದಲ್ಲಿ ನಿಂತು ಹತ್ತಿಯಣ್ಣನ ಕೈ ಹಿಡಿದೆತ್ತಿದರು. "ನಮ್ಮ ಕೇಂದ್ರದಿಂದ ತೇರ್ಗಡೆಯಾದ ಮೊಟ್ಟಮೊದಲ ಉದ್ಯಮಿ!" ಚಪ್ಪಾಳೆಯೋ ಚಪ್ಪಾಳೆ. ಹತ್ತಿಯಣ್ಣನ ಕಣ್ಣು ತುಂಬಿ ಬಂತು.

ಕಾರು ಹೊರಟ ಮೇಲೆ ಮೇಡಂ ನಗುನಗುತ್ತ ಕೈ ಚಾಚಿದರು. "ಕೋಣೆ ಕೀಲಿ ಕೊಡಿ."

"ಯಾಕೆ ಮೇಡಂ? ಪಾಸಾದ್ನಲ್ಲ?"

"ಪಾಸಾದೋರು ಇಲ್ಲಿರೋ ಹಾಗಿಲ್ಲ. ಸ್ವಂತ ಕಾಲ್ಮೇಲೆ ನಿಂತವರು ಹೊರಗೆ ಹೋಗಿ ಬೆಳೀಬೇಕು, ಅದೇ ನಮ್ಮ ನಿಯಮ. ಕಾವು ಬೇಕಾಗಿರೋದು ಪಾಪ ಈ ಕ್ಷೌರಿಕನಿಗೆ. ನಿಮ್ಮ ಕೋಣೆಯನ್ನೂ ಸೇರಿಸಿ ಅವರಿಗೇ ಕೊಡಿ ಅಂದಿದಾರೆ ಸಾಹೇಬ್ರು."

"ಅಯ್ಯೋ, ಅದೆಲ್ಲ ಸುಳ್ಳು ಮೇಡಂ! ಗಿರಾಕಿ ಇಲ್ಲ, ಆರ್ಡರ್ ಇಲ್ಲ, ನನಗೆ ಗತಿಯೇ ಇಲ್ಲ!"

"ಎಷ್ಟು ವಿನಯ ನಿಮ್ಗೆ!" ಮೇಡಂ ಕೀಲಿ ತೆಗೆದುಕೊಂಡರು.

ಕ್ಷೌರಿಕ ತಲೆ ತಗ್ಗಿಸಿ ಹತ್ತಿಯಣ್ಣನನ್ನು ದಾಟಿ, ಕೆಲಸಗಾರರತ್ತ ಹೋಗಿ ಕೈ ಮುಗಿದ. "ನಿಮ್ಮ ದಮ್ಮಯ್ಯ, ನಾಳೆಯಿಂದ ಅಪ್ಪಿತಪ್ಪಿಯೂ ಯಾರೂ ನನ್ನ ಹತ್ರ ಕ್ಷೌರಕ್ಕೆ ಬರ್ಬೇಡಿ."

ಅವರು ತಲೆಯಾಡಿಸಿ, ಒಬ್ಬೊಬ್ಬರಾಗಿ ಬಂದು ಹತ್ತಿಯಣ್ಣನ ಕೈ ಕುಲುಕಿದರು. ಕೊನೆಯಲ್ಲಿದ್ದ ಮುದುಕ ಹಿಡಿದ ಕೈ ಬಿಡದೆ ಹೇಳಿದ:

"ನಮ್ಮನ್ನೂ ಇದೇ ಬಾಗಿಲಿಂದ ಹೊರಗೆ ಹಾಕಿದ್ರು ಕಣಪ್ಪ. ನಮಗೆ ಯಾರೂ ಚಪ್ಪಾಳೆ ತಟ್ಟಿರ್ಲಿಲ್ಲ. ನೀನು ಪುಣ್ಯವಂತ."