ನೋವಿಲ್ಲದ ರಕ್ತಸ್ರಾವಕ್ಕೆ ದೋಣಿ ಇಲ್ಲ

ಸರೋವರ ಪ್ರಸೂತಿ ಸಾಗಣೆ ಶಾಖೆ, ಚಿಲಿಕಾ ತೀರ
ಸಂಖ್ಯೆ: ಸಪ್ರಸಾ/ದೋಣಿ/ನೋವು/17

ವಿಷಯ: ತೆಂತುಳಿಕುದ ದ್ವೀಪದಲ್ಲಿ ಅತ್ತೆಯೊಬ್ಬರು ಸೊಸೆಯ ಪರವಾಗಿ ಕಿರುಚಿ ಇಲಾಖೆಯ ದೋಣಿ ತರಿಸಿಕೊಂಡ ಬಗ್ಗೆ.

ಉಲ್ಲೇಖ: 1) ದೂರವಾಣಿ ಧ್ವನಿಮುದ್ರಿಕೆ. 2) ನಮೂನೆ 9, ಅಂಕಣ 4 (ನೋವು: ಇದೆ/ಇಲ್ಲ).

1. ಎಂಟು ತಿಂಗಳ ಗರ್ಭಿಣಿ ಝುನು ಬೆಹೆರಾ ಎಂಬಾಕೆಗೆ ಅಂಗಳದಲ್ಲಿ ಸಿಗಡಿ ಒಣಹಾಕುತ್ತಿದ್ದಾಗ ಏಕಾಏಕಿ ರಕ್ತಸ್ರಾವವಾಗಿದೆಯೆಂದು ಆಶಾ ಕಾರ್ಯಕರ್ತೆ ಶ್ರೀಮತಿ ಕುಂತಳಾ ಜೆನಾರವರು ದಿನಾಂಕ 3ರ ಬೆಳಿಗ್ಗೆ ದೋಣಿ ಕೋರಿರುತ್ತಾರೆ. ನೋವಿದೆಯೇ ಎಂದು ವಿಚಾರಿಸಲಾಗಿ, ಮೊದಲಿಗೆ "ಇಲ್ಲ" ಎಂದು ನಿಜ ನುಡಿದಿರುತ್ತಾರೆ. ಅವರ ಪರವಾಗಿ ಇಷ್ಟು ಮಾತ್ರ ಹೇಳಬಹುದಾಗಿದೆ.

2. ನಂತರದ ಮಾತು, ಮುದ್ರಿಕೆಯಲ್ಲಿರುವಂತೆ:

ಗುಮಾಸ್ತರು: "ನೋವಿಲ್ಲ ಅಂದ್ರೆ ದೋಣಿ ಬರಲ್ಲ ದಿದಿ. ಸುಮ್ನೆ ಮಲಗ್ಸಿ."

ಕುಂತಳಾ: "ಮಾಸು ಗರ್ಭದ ಬಾಯಿಗೇ ಅಡ್ಡ ಕೂತಿದೆ ಅಂತ ಸ್ಕ್ಯಾನಲ್ಲೇ ಬಂದಿದೆ ಬಾಬು. ಇದ್ರಲ್ಲಿ ನೋವು ಬರಲ್ಲ, ರಕ್ತ ಮಾತ್ರ ಸುರಿಯುತ್ತೆ. ಎರಡು ಸೀರೆ ನೆಂದುಹೋಯ್ತು! ನಿಮ್ಮನೆಯೋರಿಗಾಗಿದ್ರೂ ಹಿಂಗೇ ಅಂತಿದ್ರಾ? ಏ ಮಾಉಸಿ, ನಿಮ್ಮ ಸೊಸೆಗೆ ಕಿರುಚೋಕೆ ನಾಚಿಕೆಯಂತೆ. ಬನ್ನಿ, ನೀವೇ ಕಿರುಚಿ!"

ಕೂಡಲೇ ಅರವತ್ತೆರಡು ವರ್ಷದ ಅತ್ತೆ ಕೇತಕಿ ಬೆಹೆರಾರವರು "ಅಯ್ಯೋ ಸತ್ತೆನಲ್ಲಪ್ಪೋ" ಎಂದು ಮೂರು ಬಾರಿ ಕಿರುಚಿದ್ದು, ಅಂಕಣ 4 ಭರ್ತಿಯಾಗಿ ದೋಣಿ ಹೊರಟಿರುತ್ತದೆ. ಇದರಿಂದ ಅದೇ ದೋಣಿಯಲ್ಲಿ ನಡೆಯುತ್ತಿದ್ದ ಮಾನ್ಯ ಪರಿವೀಕ್ಷಕರ ಡಾಲ್ಫಿನ್ ಪರಿವೀಕ್ಷಣೆಯು ಅರ್ಧಕ್ಕೇ ನಿಂತಿರುವುದನ್ನು ಗಂಭೀರವಾಗಿ ಪರಿಗಣಿಸಲಾಗಿದೆ. ನಾಲ್ಕು ಬಾಟಲಿ ರಕ್ತ ಕೊಟ್ಟು, ಹೊಟ್ಟೆ ಕೊಯ್ದು, ತಾಯಿ ಮಗು ಇಬ್ಬರನ್ನೂ ಉಳಿಸಲಾಯಿತೆಂದು ವೈದ್ಯರು ಬರೆದಿದ್ದು, ಸದರಿ ವಿವರಕ್ಕೆ ನಮೂನೆಯಲ್ಲಿ ಅಂಕಣವಿರುವುದಿಲ್ಲ.

3. ಆದುದರಿಂದ ದ್ವೀಪವಾಸಿ ಗರ್ಭಿಣಿಯರೆಲ್ಲರಿಗೂ ಕೆಳಕಂಡಂತೆ ಸೂಚಿಸಲಾಗಿದೆ:

ಅ) ರಕ್ತಸ್ರಾವವು ನೋವಿನೊಡನೆಯೇ ಆಗತಕ್ಕದ್ದು. ನೋವಿಲ್ಲದ ರಕ್ತಸ್ರಾವವನ್ನು ಅಪೂರ್ಣ ಅರ್ಜಿಯೆಂದು ಭಾವಿಸಿ ಹಿಂದಿರುಗಿಸಲಾಗುವುದು.

ಆ) ಗರ್ಭಿಣಿಯೇ ಖುದ್ದಾಗಿ ಕಿರುಚತಕ್ಕದ್ದು. ಅತ್ತೆ, ನಾದಿನಿ, ನೆರೆಯವರ ಕಿರುಚಾಟವನ್ನು ಮಾನ್ಯ ಮಾಡಲಾಗುವುದಿಲ್ಲ.

ಇ) ಕೆಳಗಿರುವ ಮಾಸು ದಿನ ತುಂಬುವಷ್ಟರಲ್ಲಿ ತಾನಾಗಿಯೇ ಮೇಲೆ ಸರಿಯುವುದುಂಟೆಂದು ವೈದ್ಯರೇ ಒಪ್ಪಿರುವುದರಿಂದ, ಎಲ್ಲ ಮಾಸುಗಳಿಗೂ ಒಂಬತ್ತನೇ ತಿಂಗಳ ಕೊನೆಯ ಕೆಲಸದ ದಿನದವರೆಗೆ ಕಾಲಾವಕಾಶ ನೀಡಲಾಗಿದೆ. ಅಲ್ಲಿಯವರೆಗೆ ಯಾರೂ ಆತುರಪಡುವಂತಿಲ್ಲ.

ಈ) ರಕ್ತಸಿಕ್ತ ಬಟ್ಟೆಯನ್ನು ಪುರಾವೆಯಾಗಿ ಲಗತ್ತಿಸತಕ್ಕದ್ದು. ಕಡತದ ಶುಚಿತ್ವದ ದೃಷ್ಟಿಯಿಂದ ಅದನ್ನು ಕಲೆ ಉಳಿಯದಂತೆ ಒಗೆದು, ಒಣಗಿಸಿ, ಮಡಚಿ ಸಲ್ಲಿಸತಕ್ಕದ್ದು.

4. ಕಾರಣ ಕೇಳಿ ನೀಡಿದ ನೋಟಿಸಿಗೆ ಕುಂತಳಾ ಜೆನಾರವರು "ನಿಮ್ಮ ಕಾಗದಕ್ಕೆ ನೋವು ಬೇಕಿತ್ತು, ಕೊಡಿಸ್ದೆ. ನಾಳೆ ಇನ್ನೊಬ್ಬಳಿಗೆ ಹಿಂಗಾದ್ರೆ ನಾನೇ ಕಿರುಚ್ತೀನಿ, ಏನ್ ಮಾಡ್ಕೋತೀರೋ ಮಾಡ್ಕೊಳ್ಳಿ" ಎಂದು ಉತ್ತರಿಸಿದ್ದು, ಪಶ್ಚಾತ್ತಾಪದ ಲವಲೇಶವೂ ಕಂಡುಬಂದಿರುವುದಿಲ್ಲ. ಆದಕಾರಣ ಅವರ ಸಂಖ್ಯೆಯಿಂದ ಬರುವ ಕರೆಗಳನ್ನು ದಿನಾಂಕ 10ರಿಂದ ತಡೆಹಿಡಿಯಲಾಗಿದೆ.

5. ಈ ಕ್ರಮವು ಕೂಡಲೇ ಫಲ ನೀಡಿರುತ್ತದೆ. ದಿನಾಂಕ 14ರಂದು, ಅದೇ ಕುಂತಳಾರವರ ವ್ಯಾಪ್ತಿಯ ನೂಆಕುದ ದ್ವೀಪದಿಂದ, ಅವರ ಕರೆ ಸಂಪರ್ಕಗೊಳ್ಳದ ಕಾರಣ, ಗರ್ಭಿಣಿಯ ಪತಿ ಶ್ರೀ ಭಗಿರಥಿ ಜಾಲಿಯವರೇ ಕರೆ ಮಾಡಿ, "ನೋವೇನೂ ಇಲ್ಲ ಬಾಬು, ನನಗೇ ಧೈರ್ಯ ಹೇಳ್ತಾ ಇದ್ದಾಳೆ. ರಕ್ತ ಮಾತ್ರ ನಿಲ್ತಾ ಇಲ್ಲ" ಎಂದು ಅಂಕಣ 4ಕ್ಕೆ ಪ್ರಾಮಾಣಿಕ ಉತ್ತರ ನೀಡಿರುತ್ತಾರೆ. ದೋಣಿ ಕಳುಹಿಸುವ ಪ್ರಮೇಯವೇ ಉದ್ಭವಿಸಿರುವುದಿಲ್ಲ. ಸದರಿಯವರನ್ನು ಈ ಸಾಲಿನ 'ಸತ್ಯನಿಷ್ಠ ನಾಗರಿಕ'ರೆಂದು ಆಯ್ಕೆ ಮಾಡಲಾಗಿದ್ದು, ದಿನಾಂಕ 24ರಂದು ಶಾಲು ಹೊದಿಸಿ ಗೌರವಿಸಲು ತೀರ್ಮಾನಿಸಲಾಗಿದೆ.

(ಸಹಿ/-)
ಶಾಖಾಧಿಕಾರಿ (ನೋವು)

ಪ್ರತಿಗಳು:
1. ಮಾನ್ಯ ಪರಿವೀಕ್ಷಕರಿಗೆ: ಉಳಿದರ್ಧ ಡಾಲ್ಫಿನ್ ಪರಿವೀಕ್ಷಣೆಗೆ ದೋಣಿ ಲಭ್ಯವಿರುವ ವಿಷಯ ತಿಳಿಸುತ್ತಾ.
2. ಶ್ರೀಮತಿ ಕೇತಕಿ ಬೆಹೆರಾರವರಿಗೆ: ಎಚ್ಚರಿಕೆಯೊಂದಿಗೆ.
3. ಶ್ರೀಮತಿ ಕುಂತಳಾ ಜೆನಾರವರಿಗೆ: ಅಂಚೆ ಮೂಲಕ ಮಾತ್ರ.
4. ಶ್ರೀ ಭಗಿರಥಿ ಜಾಲಿಯವರಿಗೆ: ಸನ್ಮಾನಕ್ಕೆ ತಪ್ಪದೆ ಹಾಜರಾಗತಕ್ಕದ್ದು. ಅಂದೇ ಪತ್ನಿಯ ಹನ್ನೊಂದನೆಯ ದಿನದ ಕರ್ಮವಿದೆಯೆಂಬ ತಮ್ಮ ಮನವಿಯನ್ನು ಪರಿಶೀಲಿಸಲಾಗಿದ್ದು, ಕರ್ಮವನ್ನು ಮುಂದೂಡಿಕೊಳ್ಳಲು ಅನುಮತಿ ನೀಡಲಾಗಿದೆ.