ಲಿಂಬಿ-ಪುದೀನಾ ಗಾಡಿಯ ಗಿರಾಕಿಗಳು

“ಸರಬತ್ತು ಮನ್ಯಾಗ ಮಾಡೋದು ಬ್ಯಾರೆ, ಬೀದ್ಯಾಗ ಮಾರೋದು ಬ್ಯಾರೆ. ಬಿಸಲು ಇಳಿಯೂದ್ರಾಗ ಗಾಡಿ ದೂಡ್ಕೊಂಡು ವಾಪಸ್ ಬರ್ತಿ ನೋಡವಾ,” ಎಂದವರು ನಮ್ಮ ಭಾವ. ಹಲವು ಧಂದೆ ಮುಳುಗಿಸಿದವರು, ಅನುಭವದ ಮಾತೇ ಇರಬೇಕು ಎಂದುಕೊಂಡೆ. ಗಾಡಿ ಮಾತ್ರ ತಂದೆ. ನನಗೆ ಬೇಕಾಗಿದ್ದು ಒಂದೇ: ನನ್ನ ಹೆಸರಿನಲ್ಲಿ, ಷಟರ್ ಇರುವ ಒಂದು ಅಂಗಡಿ. ಅಲ್ಲಿಯವರೆಗೆ ಮಹಾರಾಷ್ಟ್ರದ ಗಡಿಯೂರು ಇಚಲಕರಂಜಿಯ ಮಗ್ಗದ ಶೆಡ್ಡುಗಳೆದುರು ನಿಂತೆ. ಅಲ್ಲಿ ನಗೆಯನ್ನು ಹುಡುಕಬೇಕಿಲ್ಲ, ಅದೇ ಬಾಯಾರಿ ಬರುತ್ತದೆ.

ಉಪ್ಪೋ ಸಕ್ಕರೆಯೋ

ಲಿಂಬಿ ಹಿಂಡಿ, ಪುದೀನಾ ಕಲ್ಲಿನಲ್ಲಿ ಜಜ್ಜಿ, ಹುರಿದ ಜೀರಿಗೆ ಪುಡಿ, ಸಕ್ಕರೆ, ಚಿಟಿಕೆ ಉಪ್ಪು ಬೆರೆಸಿ ಮಡಕೆಯ ನೀರು ಹೊಯ್ಯುವುದು, ಇಷ್ಟೇ ನನ್ನ ವಿದ್ಯೆ. ಮೊದಲ ಗಿರಾಕಿ ಬಿಹಾರದ ಕಡೆಯ ಮಗ್ಗದವನು. ಮಗ್ಗದ ಸದ್ದಿಗೆ ಪಳಗಿದ ಗಂಟಲಿನಿಂದ “ಮೀಠಾ ಜ್ಯಾದಾ!” ಎಂದು ಕೂಗಿದ. ನಮ್ಮೂರ ಮರಾಠಿಯಲ್ಲಿ ಮೀಠ ಅಂದರೆ ಉಪ್ಪು. ಧಾರಾಳವಾಗಿ ಹಾಕಿದೆ. ಕುಡಿದು ಮುಖ ಕಿವುಚಿ, “ಔರ್ ಮೀಠಾ!” ಎಂದ. ಇನ್ನಷ್ಟು ಹಾಕಿದೆ. ಆಮೇಲೆ ಅವನಿಗೆ ದನಿಯೇ ಹೊರಡಲಿಲ್ಲ.

“ಬಾಯಿ, ತ್ಯಾಲಾ ಸಾಖರ ಪಾಯಜೆ!” ಎಂದು ಪಕ್ಕದಲ್ಲಿದ್ದ ಮರಾಠಿಯವರು ಕೂಗಿದಾಗ ತಿಳಿಯಿತು, ಹಿಂದಿಯ ಮೀಠಾ ಅಂದರೆ ಸಿಹಿ, ಅವನು ಕೇಳಿದ್ದು ಸಕ್ಕರೆ. ಪಾಠ ಗಟ್ಟಿ ಮಾಡಿಕೊಂಡೆ. ಮರುದಿನ ಅದೇ ಮರಾಠಿಯವರು ಬಂದು ಮೀಠ ಕೇಳಿದರು. ಭರ್ತಿ ಸಕ್ಕರೆ ಹಾಕಿ ಕೊಟ್ಟೆ.

ಸಾಹೇಬರ ಹುಟ್ಟುಹಬ್ಬ

ನಮ್ಮ ಓಣಿಯ ಪುಢಾರಿಗೆ ಚುನಾವಣೆಗೆ ನಿಲ್ಲುವ ಆಸೆ. ಹುಟ್ಟುಹಬ್ಬದ ದಿನ, “ಅಕ್ಕಾ, ಇವತ್ತ ಎಲ್ಲಾರಿಗೂ ಫುಕಟ್ ಕುಡಸ್ರಿ, ಖರ್ಚು ನಂದು,” ಎಂದು ಹೇಳಿ, ಗಾಡಿಗಿಂತ ದೊಡ್ಡ ಫ್ಲೆಕ್ಸ್ ಕಟ್ಟಿಸಿದ. ಮೇಲೆ ಅವನ ನಗುವ ಫೋಟೋ, ಅದಕ್ಕೊಂದು ಹೂವಿನ ಹಾರ.

ಅಕಿವಾಟದಿಂದ ಬಂದ ಅಜ್ಜಿಯೊಬ್ಬಳು ಫೋಟೋಕ್ಕೆ ಕೈ ಮುಗಿದು, “ಯಾವಾಗ ಹೋದ್ರವಾ? ಭಾಳ ಸಣ್ಣ ವಯಸ್ಸು,” ಎಂದಳು.

ಹಿಂದೆಯೇ ನಿಂತಿದ್ದ ಪುಢಾರಿ, “ಅಜ್ಜಿ, ನಾ ಇನ್ನೂ ಜೀವಂತ ಅದೇನ್ರಿ!” ಎಂದ.

ಅಜ್ಜಿ ಫೋಟೋ ನೋಡಿದಳು, ಅವನನ್ನು ನೋಡಿದಳು. “ಹೌದಾ? ಇರ್ಲಿ ಬಿಡಪಾ. ಸರಬತ್ತರ ಚಲೋ ಆಗೇತಿ.”

ನಾನೇ ನಾನಲ್ಲ

ಕೊನೆಗೆ ಕೊಲ್ಲಾಪುರ ರಸ್ತೆಯಲ್ಲಿ ಅಂಗಡಿಯೊಂದು ಕುದುರಿತು. ಖರೀದಿಯ ದಿನ ನೋಂದಣಿ ಕಚೇರಿಯ ಬೆರಳಚ್ಚಿನ ಯಂತ್ರದ ಮೇಲೆ ಹೆಬ್ಬೆರಳಿಟ್ಟೆ. ಒಪ್ಪಲಿಲ್ಲ. ಸೆರಗಿಗೆ ಒರೆಸಿ ಇಟ್ಟೆ. ಊಹೂಂ. ವರ್ಷಗಟ್ಟಲೆ ಲಿಂಬಿ ಹಿಂಡಿ ಗೆರೆಗಳೆಲ್ಲ ಸವೆದಿದ್ದವು.

“ಮಾವಶಿ, ಮಷೀನ್ ಪ್ರಕಾರ ನೀವು ನೀವಲ್ಲ,” ಎಂದ ಗುಮಾಸ್ತ.

“ಸಹಿ ಮಾಡ್ತೇನಿ ತಗೋರಿ. ಕನ್ನಡದಾಗ ಬೇಕೋ, ಮರಾಠಿಯಾಗ ಬೇಕೋ?” ಹೆಬ್ಬೆಟ್ಟಿನವಳು ಅನ್ನಿಸಿಕೊಳ್ಳಬಾರದೆಂದು ಎರಡೂ ರಾಜ್ಯದ ಬಸ್ಸಿನ ಬೋರ್ಡು ನೋಡಿ ನೋಡಿ ಅಕ್ಷರ ಕಲಿತವಳು ನಾನು.

“ಸಹಿ ಯಾರರ ಮಾಡ್ತಾರ್ರಿ. ನಮಗ ಹೆಬ್ಬೆಟ್ಟ ಬೇಕು. ಒಂದ್ ತಿಂಗಳ ಲಿಂಬಿ ಮುಟ್ಟಬ್ಯಾಡ್ರಿ, ಗೆರಿ ತಾವಽ ಬರ್ತಾವ.”

“ಏಪ್ರಿಲ್‌ದಾಗ?”

“ಹಂಗಾರ ಮಳಗಾಲಕ್ಕ ಬರ್ರಿ. ಅಂಗಡಿ ಇದ್ದರ ಇರ್ತೈತಿ.”

ಗಾಡಿಗೆ ತಾಡಪತ್ರಿ ಮುಚ್ಚಿ, ಹೆಬ್ಬೆರಳಿಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು, ಬೆಂಕಿಯಂಥ ಬಿಸಿಲಿನಲ್ಲಿ ಊರೆಲ್ಲ ಬಾಯಾರಿ ಓಡಾಡುವುದನ್ನು ಕಟ್ಟೆಯ ಮೇಲೆ ಕೂತು ನೋಡಿದೆ.

ಈಗ ನನ್ನ ಹೆಸರಿನಲ್ಲಿ ಷಟರ್ ಇರುವ ಅಂಗಡಿ ಇದೆ. ಅದಕ್ಕೆ ನಾನು ತೆತ್ತದ್ದು ಒಂದು ಇಡೀ ಏಪ್ರಿಲ್, ಮತ್ತು ಎರಡು ಭಾಷೆ ಓದಲು ಬರೆಯಲು ಕಲಿತ ಮೇಲೆ ಒತ್ತಿದ ಒಂದು ಹೆಬ್ಬೆಟ್ಟು.