ತೊಂಬತ್ತೊಂಬತ್ತು ಪರ್ಸೆಂಟ್

ರುದ್ರೇಶನ ಅವ್ವ ಮಹಾದೇವಕ್ಕ ಎಪ್ಪತ್ತೆರಡು ವರ್ಷ ಬದುಕಿ ಹೋದಳು; ಗೋಡೆಗೆ ಹಾಕುವಂಥ ಒಂದು ಫೋಟೋ ಬಿಟ್ಟು ಹೋಗಲಿಲ್ಲ. ಇದ್ದದ್ದು ಆಧಾರ್ ಕಾರ್ಡಿನದೊಂದೇ. ಅದರಲ್ಲಿ ಅವಳು ಪೊಲೀಸರು ಹಿಡಿದು ತಂದವರ ಹಾಗೆ ಕಾಣುತ್ತಿದ್ದಳು. ನಾಳೆ ಹನ್ನೊಂದನೆಯ ದಿನದ ಶಿವಗಣಾರಾಧನೆ. ಆ ಹೆದರಿದ ಮುಖಕ್ಕೆ ಹಾರ ಹಾಕುವುದು ಹೇಗೆಂದು ರುದ್ರೇಶ ಮೂರು ದಿನದಿಂದ ಕೊರಗುತ್ತಿದ್ದ.

ನಗುವ ಫೋಟೋ ಒಂದು ಎಲ್ಲೋ ಇತ್ತು. ಎರಡು ವರ್ಷದ ಹಿಂದೆ, ಅವನು ಕಂಪ್ಯೂಟರ್ ನೋಡಿಕೊಳ್ಳುವ ಸವಣೂರಿನ ಬೀಜ ಸಹಕಾರಿ ಸಂಘದ ವಾರ್ಷಿಕೋತ್ಸವಕ್ಕೆ ಅವ್ವ ಬಂದಿದ್ದಳು. ಮ್ಯಾನೇಜರರ ತಿರುಗುವ ಕುರ್ಚಿಯಲ್ಲಿ ಕೂತು, ಒಂದು ಸುತ್ತು ತಿರುಗಿ, ಹಲ್ಲಿಲ್ಲದ ಬಾಯಿ ತುಂಬ ನಕ್ಕಿದ್ದಳು. ಯಾರೋ ಫೋಟೋ ತೆಗೆದಿದ್ದರು. ಯಾರೆಂದು ನೆನಪಿಲ್ಲ. ಮಾತಾಡಿಸಲು ಬಂದ ಕ್ಲಾರ್ಕ್ ಶಂಭುಲಿಂಗನ ಮುಂದೆ ಇದನ್ನು ಹೇಳಿಕೊಂಡಾಗ ಅವನು, "ನೋಡೂಣು ತಡಿ" ಎಂದು ಚಹಾ ಕುಡಿದು ಹೋಗಿದ್ದ.

ಬೆಳಿಗ್ಗೆ ಹನ್ನೊಂದಕ್ಕೆ ಮ್ಯಾನೇಜರ್ ನರಸಿಂಹಾಚಾರ್ಯರ ಫೋನು. "ಇಂಥಾ ದಿನ ಕರೀಬಾರದು, ಖರೆ. ಮೇಲ್ ಸರ್ವರ್ ಮಲಗಿಬಿಟ್ಟದ. ನಾಲ್ಕರೊಳಗ ಬೀಜದ ಬೇಡಿಕಿ ಪಟ್ಟಿ ಹಾವೇರಿಗೆ ಹೋಗಲಿಲ್ಲಂದ್ರ ನಾಲ್ಕೂ ತಾಲೂಕಿನ ರೈತರು ಬಂದು ನನ್ನ ಬಾಗಲಾಗ ಕೂಡ್ತಾರ."

ರುದ್ರೇಶ ಹೋದ. ಸರ್ವರಿನ ಫ್ಯಾನು ಹೆರಿಗೆ ನೋವಿನವಳಂತೆ ನರಳುತ್ತಿತ್ತು. ಪರದೆ ನೋಡಿದರೆ ವೈರಸ್ ಸ್ಕ್ಯಾನರ್ ಒಂದೇ ತೊಂಬತ್ತೊಂಬತ್ತು ಪರ್ಸೆಂಟ್ ಪ್ರೊಸೆಸರ್ ತಿನ್ನುತ್ತಿದೆ. ಬಾಗಿಲಲ್ಲಿ ನಿಂತು ಬರುವ ಪ್ರತಿ ಮೇಲಿನ ಗಂಟು ಬಿಚ್ಚಿ ನೋಡುವುದು ಅದರ ಕೆಲಸ. ಇಂದು ಯಾರೋ ಅದರ ಮುಂದೆ ಲಾರಿಗಟ್ಟಲೆ ಗಂಟು ಇಳಿಸಿದ್ದರು.

ಸರ್ವರನ್ನು ಆರಿಸಿ ಹಚ್ಚಿದ. ಐದು ನಿಮಿಷ ಸುಮ್ಮನಿದ್ದು ಮತ್ತೆ ತೊಂಬತ್ತೊಂಬತ್ತು. ಸ್ಕ್ಯಾನರಿಗೆ ಹೊಸ ವೈರಸ್ ಪಟ್ಟಿ ಹಾಕಿದ. ನೂರಾಯಿತು. ಅಷ್ಟರಲ್ಲಿ ಶಂಭುಲಿಂಗ, "ಬಿಸಿ ಆಗೇತಿ ಪಾಪ" ಎಂದು ಟೇಬಲ್ ಫ್ಯಾನು ತಂದು ತಿರುಗಿಸಿದ. ಬೇಡಿಕೆ ಪಟ್ಟಿಯ ಹಾಳೆಗಳು ಕಿಟಕಿಯಿಂದ ಹಾರಿ ವೀಳ್ಯದೆಲೆ ತೋಟದ ಕಡೆ ಹೊರಟವು. ಜವಾನ ಕರಬಸಪ್ಪ ಪಂಚೆ ಎತ್ತಿಕೊಂಡು ಬೆನ್ನು ಹತ್ತಿ ಹೆಕ್ಕಿ ತಂದ.

ಪಕ್ಕದ ಮೇಜಿನ ಮುಮ್ತಾಜಬೇಗಂ ಕಾಗದದಲ್ಲಿ ಖಾರಾ ತಂದಿಟ್ಟು, "ತಿನ್ರಿ ಅಣ್ಣಾರ, ಸಂಜೀತನಕ ಎಲ್ಲಾ ಚಲೋ ಆಕೈತಿ" ಎಂದು ಶಂಭುಲಿಂಗನ ಕಡೆ ನೋಡಿ ನಕ್ಕಳು. ಅವನೂ ನಕ್ಕ. ತಾಯಿ ಸತ್ತವನ ಮುಂದೆ ಇವರಿಗೆಂಥ ನಗು ಎಂದುಕೊಂಡು ರುದ್ರೇಶ ಖಾರಾ ಮುಟ್ಟದೆ ಪರದೆಯ ಕಡೆ ತಿರುಗಿದ.

ಮೂರು ಗಂಟೆಗೆ ಕಳ್ಳ ಸಿಕ್ಕ. ಹಾನಗಲ್ಲು, ಶಿಗ್ಗಾಂವ, ಹಿರೇಕೆರೂರು, ಚಿಕ್ಕೇರೂರು ಶಾಖೆಗಳಿಂದ ಬಂದ ಭಾರಿ ಫೋಟೋ ಗಂಟುಗಳು ಸಾಲುಗಟ್ಟಿ ನಿಂತಿದ್ದವು. ಹೆಸರಿನ ಜಾಗದಲ್ಲಿ ಬರೀ ಅಂಕಿ. ಬಿಚ್ಚಿ ನೋಡೋಣವೆಂದರೆ ಸರ್ವರು ಬಿಡದು. ನೋಡುವುದೇನು, ಶುಭೋದಯದ ಚಿತ್ರಗಳೇ. ಗುಲಾಬಿ, ಸೂರ್ಯ, ಒಂದು ಸುಭಾಷಿತ ಕಳಿಸದೆ ಈ ಶಾಖೆಗಳಿಗೆ ಬೆಳಗೇ ಆಗುವುದಿಲ್ಲ. ರುದ್ರೇಶ ಎಷ್ಟು ಸಲ ಬೇಡಿಕೊಂಡಿದ್ದ. ಹತ್ತು ದಿನದ ಅಳು ಈಗ ಸಿಟ್ಟಾಗಿ ಹೊರಬಂತು. ಸಾಲನ್ನೆಲ್ಲ ಒರೆಸಿ ಹಾಕಿದ. ನಾಳೆ ಮತ್ತೆ ಕಳಿಸಬಾರದೆಂದು ಶಾಖೆಶಾಖೆಗೂ ಫೋನು ಹಚ್ಚಿದ. ಕೊನೆಗೆ ಚಿಕ್ಕೇರೂರಿನ ಜಯಶ್ರೀ.

"ಅಕ್ಕಾರ, ಮುಂಜಾನೆ ಫೋಟೋ ಕಳಿಸೀರೇನ್ರಿ?"

"ಹೌದ್ರಿ... ನಿಮಗ ಮುಟ್ಟಿದ್ವೇನ್ರಿ?"

"ಚಲೋತಂಗ ಮುಟ್ಟ್ಯಾವ್ರಿ. ನಿಮ್ಮ ಕಂಪ್ಯೂಟರಿನ್ಯಾಗಿದ್ದು ಎಲ್ಲಾ ಅಳಸ್ರಿ, ಕಳಿಸಿದ ಮೇಲ್ ಸೈತ. ಕಸದ ಬುಟ್ಟೀನೂ ಖಾಲಿ ಮಾಡ್ರಿ."

"ಎಲ್ಲಾನೂ ಏನ್ರಿ?"

"ಒಂದೂ ಬಿಡಬ್ಯಾಡ್ರಿ."

ನೂರಕ್ಕೇರಿದ್ದ ಅಂಕಿ ನಾಲ್ಕು ಪರ್ಸೆಂಟಿಗೆ ಇಳಿಯಿತು. ನಾಲ್ಕಕ್ಕೆ ಹತ್ತು ನಿಮಿಷವಿರುವಾಗ ಪಟ್ಟಿ ಹಾವೇರಿಗೆ ಹೋಯಿತು. ಆಚಾರ್ಯರು ಬೆನ್ನು ತಟ್ಟಿದರು.

ಐದು ಗಂಟೆಗೆ ಎಲ್ಲರೂ ಅವನನ್ನು ಸಭಾಂಗಣಕ್ಕೆ ಕರೆದರು. ಮೇಜಿನ ಮೇಲೆ ತೇಗದ ದೊಡ್ಡ ಚೌಕಟ್ಟು, ಪಕ್ಕದಲ್ಲಿ ಮಾರುದ್ದದ ಸೇವಂತಿಗೆ ಹಾರ. ಚೌಕಟ್ಟು ಖಾಲಿ.

"ಈಗ ಮೇಲ್ ತೆಗಿ," ಎಂದ ಶಂಭುಲಿಂಗ, ಉಬ್ಬಿಹೋಗಿ. "ವಾರ್ಷಿಕೋತ್ಸವದ ಫೋಟೋ ಎಲ್ಲಾ ಕಳಿಸ್ರಿ, ರುದ್ರೇಶಗ ಮಾತ್ರ ಹೇಳಬ್ಯಾಡ್ರಿ ಅಂತ ಮುಂಜಾನೆ ಶಾಖೆಗೋಳಿಗೆ ಹೇಳಿದ್ದೆ. ಅವ್ವ ಕುರ್ಚಿ ಮ್ಯಾಲೆ ನಕ್ಕಿದ್ದು ಜಯಶ್ರೀ ಅಕ್ಕಾರ ಕಂಪ್ಯೂಟರಿನ್ಯಾಗ ಸಿಕ್ಕೈತಿ. ಅದೊಂದ ಪ್ರತಿ ಉಳದಿತ್ತಂತ ನೋಡು."

ರುದ್ರೇಶ ಚಿಕ್ಕೇರೂರಿಗೆ ಫೋನು ಹಚ್ಚಿದ.

"ಚಿಂತಿ ಬಿಡ್ರಿ ಅಣ್ಣಾರ," ಎಂದರು ಜಯಶ್ರೀ. "ನೀವು ಹೇಳಿದಂಗ ಬುಟ್ಟೀನೂ ಖಾಲಿ ಮಾಡೇನಿ. ಅವ್ವಾರು ಎಷ್ಟ ಚೆಂದ ನಕ್ಕಾರ ಅಲ್ರಿ?"

"ಹೌದ್ರಿ," ಎಂದ ರುದ್ರೇಶ.

ಆಧಾರಿನ ಚಿತ್ರ ದೊಡ್ಡದು ಮಾಡಿದರೆ ಮುಖ ಒಡೆಯುತ್ತದೆ ಎಂದ ಸ್ಟುಡಿಯೋದವನು. ಹಾಗಾಗಿ ಮರುದಿನ ಆ ತೇಗದ ಚೌಕಟ್ಟಿನ ನಡುವೆ ಅಂಚೆಚೀಟಿಯಷ್ಟೇ ಅವ್ವ ಇದ್ದಳು. ಬಂದವರೆಲ್ಲ ಕನ್ನಡಕ ಸರಿಪಡಿಸಿಕೊಂಡು ಬಗ್ಗಿ ನೋಡಿದರು. ಆಮೇಲೆ ರುದ್ರೇಶ ಸಂಘದವರು ಕೊಟ್ಟ ಹಾರ ಹಾಕಿದ. ಹಾರ ಹಾಕಿದ ಮೇಲೆ ಅವ್ವ ಕಾಣಲಿಲ್ಲ.